ಅಳಿಸಿಬಿಟ್ಟ ಹಗ್ಗ

ಸ್ಮರಣ ಸಂಚಿಕೆಯವರು ಎರಡು ಪುಟ ಸಾಕು ಅಂದಿದ್ದರು. ನಾನು ನಾಲ್ಕು ಬರೆದೆ, ಮೇಲೊಂದು ಫೋಟೋ ಬೇರೆ ಕೊಟ್ಟೆ. ಮುಂಬಯಿಯ ಪೊವಾಯಿ ಪಕ್ಕದ ಚಾಂದಿವಲಿಯ ಕಲ್ಲುಕ್ವಾರಿಯಲ್ಲಿ ನಿಂತ ಬುಲ್ಡೋಜರ್. ಅದರ ಚೈನಿನ ಮೇಲೆ ಚಡ್ಡಿ ಹಾಕಿಕೊಂಡು ಕೂತ ಏಳು ವರ್ಷದ ನಾನು. ಪಕ್ಕದಲ್ಲಿ ಚಹಾದ ಕೆಟಲ್ ಹಿಡಿದು ನಿಂತ ಅಪ್ಪ. 1970ರ ಕಪ್ಪುಬಿಳುಪು ಚಿತ್ರ. ಕುಂದಾಪುರದ ಕಡೆಯಿಂದ ಬಂದು ಹೋಟೆಲಿನಲ್ಲಿ ಕಪ್ಪು ತೊಳೆಯುತ್ತಿದ್ದ ಅಪ್ಪ ಆ ಹೊತ್ತಿಗೆ ಕ್ವಾರಿಯ ಕ್ಯಾಂಟೀನ್ ಹಿಡಿದಿದ್ದರು. ನನ್ನ ಬೆಳಗು ಶುರುವಾಗುತ್ತಿದ್ದದ್ದು ಆ ಯಂತ್ರದ ಸದ್ದಿನಿಂದ.

ಲೇಖನದ ಹೆಸರು ‘ಕೆಜಿಎಫ್‌ನ ಉಕ್ಕು, ಪೊವಾಯಿಯ ಬಂಡೆ’. ನನ್ನ ತರ್ಕ ಸರಳವಾಗಿತ್ತು. ಯಂತ್ರ ಹಳದಿ ಬಣ್ಣದ್ದೆಂದು ನನಗೆ ಚೆನ್ನಾಗಿ ನೆನಪಿತ್ತು. ಬೆಂಗಳೂರಿನ ಬಿಇಎಂಎಲ್ ಹುಟ್ಟಿದ್ದು 1964ರಲ್ಲಿ. ಜಪಾನಿನ ಕೊಮಾಟ್ಸು ಕಂಪನಿಯ ತಂತ್ರಜ್ಞಾನದಲ್ಲಿ ಅದರ ಡಿ80 ಡೋಜರುಗಳು ತಯಾರಾಗುತ್ತಿದ್ದದ್ದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಅಲ್ಲಿಗೆ ಮುಗಿಯಿತು. ಮುಂಬಯಿಯ ಬಂಡೆಯನ್ನು ಒಡೆದು ಹಾಸಿದ್ದು ಕನ್ನಡ ನಾಡಿನ ಯಂತ್ರ! ಅಂಥ ವಾಕ್ಯ ಕೈಗೆ ಸಿಕ್ಕರೆ ಯಾರು ತಾನೇ ಬಿಟ್ಟಾರು? ಸಮಾರಂಭದಲ್ಲಿ ಅದನ್ನು ಓದಿದಾಗ ಚಪ್ಪಾಳೆ ಬಿತ್ತು, ಶಾಲೂ ಬಿತ್ತು.

ಪುಟ ಕಟ್ಟುವ ದಿನದ ಒಂದು ಮಾತು ಹೇಳಲೇಬೇಕು. ಫೋಟೋದಲ್ಲಿ ಡ್ರೈವರ್ ಸೀಟಿನ ಹಿಂದಿನಿಂದ ಹೊರಟ ಒಂದು ಗೆರೆ, ಯಂತ್ರದ ತಲೆಯ ಮೇಲೆ ಹಾದು ಮುಂದಕ್ಕೆ ಇಳಿದಿತ್ತು. ಅಪ್ಪನ ಮುಖದ ಹತ್ತಿರವೇ ಅಡ್ಡ ಬರುತ್ತಿತ್ತು. ಡಿಟಿಪಿ ಹುಡುಗ “ಇದೇನು ಸರ್?” ಅಂದ. “ಯಾರೋ ಬಟ್ಟೆ ಒಣಗಿಸೋಕೆ ಕಟ್ಟಿದ ತಂತಿ, ತೆಗೆದುಬಿಡು” ಅಂದೆ. ಎರಡು ನಿಮಿಷದಲ್ಲಿ ಗೆರೆ ಮಾಯ. ಇಂಜಿನ್ನಿನ ಮೇಲೆ ದಪ್ಪ ಹೊಗೆಪೈಪಿನ ಪಕ್ಕ ಇನ್ನೊಂದು ಸಪೂರ ಪೈಪು ಇತ್ತು. ಅದು ಕಾಲಮ್ಮಿನ ಅಂಚಿಗೆ ಬಂದದ್ದರಿಂದ ಕತ್ತರಿಸಿ ಹೋಯಿತು.

ಸಂಚಿಕೆಯ ಒಂದು ಪ್ರತಿಯನ್ನು ಕಾಕಾನಿಗೆ ಕೊಡಲು ಹೋದೆ. ಕಾಕಾ ಅಂದರೆ ಆ ಡೋಜರಿನ ಆಪರೇಟರ್, ಅಫಜಲಪುರದ ಕಡೆಯವರು, ಈಗ ಎಂಬತ್ತು ದಾಟಿದೆ. ಸಾಕಿನಾಕಾದಲ್ಲಿ ನಮ್ಮ ಬಿಲ್ಡಿಂಗಿನಿಂದ ಮೂರನೆಯದರಲ್ಲಿ ಮಗನ ಜೊತೆ ಇದ್ದಾರೆ. ಹಾಲು ತರಲು ಹೋಗುವಾಗ ದಿನಾ ನೋಡುತ್ತೇನೆ. ಬರೆಯುವ ಮುಂಚೆ ಅವರನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಸುಳ್ಳು ಯಾಕೆ, ಹೊಳೆದಿತ್ತು. ಓಡಿಸಿದವರಿಗೆ ಏನು ಗೊತ್ತಿರುತ್ತದೆ, ಇತಿಹಾಸ ಓದಿದವನು ನಾನಲ್ಲವೇ ಅಂದುಕೊಂಡೆ. ಲೇಖನದಲ್ಲಿ ಅವರು ‘ಒಬ್ಬ ಡ್ರೈವರ್’ ಆಗಿ ಒಂದು ಸಾಲಿನಲ್ಲಿ ಬಂದು ಹೋಗಿದ್ದರು.

ಮೊಮ್ಮಗಳು ಓದಿ ಹೇಳಿದಳು. ಕಾಕಾ ಕೊನೆಯವರೆಗೂ ಕೇಳಿದರು. ಆಮೇಲೆ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, “ತಮ್ಮಾ, ಇಲ್ಲಿದ್ದ ಹಗ್ಗ ಎಲ್ಲಿ ಹೋತು?” ಅಂದರು.

“ಯಾವ ಹಗ್ಗ ಕಾಕಾ?”

“ವೈರ್ ರೋಪ್. ಅದು ಇಲ್ದ ಬ್ಲೇಡ್ ಹ್ಯಾಂಗ ಏಳಬೇಕು?”

ನಾನು ಬಟ್ಟೆ ಒಣಗಿಸುವ ತಂತಿ ಅಂದುಕೊಂಡದ್ದು ಆ ಯಂತ್ರದ ನರವಾಗಿತ್ತು. ಹಳೆಯ ಎಷ್ಟೋ ಡೋಜರುಗಳಲ್ಲಿ ಹೈಡ್ರಾಲಿಕ್ ಇರಲಿಲ್ಲ. ಹಿಂದೆ ಒಂದು ವಿಂಚು, ಅಲ್ಲಿಂದ ಉಕ್ಕಿನ ಹಗ್ಗ, ರಾಟೆಗಳ ಮೇಲೆ ಹಾದು ಮುಂದಿನ ಬ್ಲೇಡಿಗೆ. ಹಗ್ಗ ಸುತ್ತಿದರೆ ಬ್ಲೇಡು ಏಳುತ್ತದೆ. ಬಿಟ್ಟರೆ ತನ್ನ ಭಾರಕ್ಕೇ ಬೀಳುತ್ತದೆ, ನೆಲಕ್ಕೆ ಒತ್ತಿ ಹಿಡಿಯಲು ಬರುವುದಿಲ್ಲ.

“ಮತ್ತ ನೀನ ಬರದೀಯಲ್ಲ, ಮೊದಲ ಸಣ್ಣ ಇಂಜಿನ್ನು ಟಪಟಪ ಅಂತಿತ್ತು, ಆಮ್ಯಾಲ ದೊಡ್ಡದು ಅಂತ. ಬಿಇಎಂಎಲ್ ಡಿ80 ನಾನೂ ಹೊಡದೀನಿ. ಅದಕ್ಕ ಎಲ್ಲೀದು ಸಣ್ಣ ಇಂಜಿನ್? ಸೆಲ್ಫ್ ಹೊಡದ್ರ ಚಾಲೂ.”

ಮುಖಕ್ಕೆ ನೀರು ಎರಚಿದ ಹಾಗಾಯಿತು. ಹೌದು, ನಾನೇ ಬರೆದಿದ್ದೆ, ಅದೂ ತುಂಬ ಚೆಂದವಾಗಿ ಬರೆದಿದ್ದೆ. ಬೆಳಿಗ್ಗೆ ಹಾಸಿಗೆಯಲ್ಲಿ ಮಲಗಿ ಕೇಳುತ್ತಿದ್ದ ಆ ಎರಡು ಸದ್ದುಗಳು: ಮೊದಲು ಮೋಟಾರ್ ಸೈಕಲ್ಲಿನ ಹಾಗೆ ಒಣ ಪಟಪಟ, ಸ್ವಲ್ಪ ಹೊತ್ತು ಬಿಟ್ಟು ನೆಲದೊಳಗಿಂದ ಎದ್ದ ಹಾಗೆ ಗುಡುಗು. ಕ್ಯಾಟರ್‌ಪಿಲ್ಲರ್ ಕಂಪನಿಯ ಹಳೆಯ ಡೀಸೆಲ್ ಯಂತ್ರಗಳ ಗುರುತೇ ಅದು. ದೊಡ್ಡ ಇಂಜಿನ್ನನ್ನು ತಿರುಗಿಸಲು ಪಕ್ಕದಲ್ಲೊಂದು ಎರಡು ಸಿಲಿಂಡರಿನ ಪೆಟ್ರೋಲ್ ಇಂಜಿನ್. ಅದಕ್ಕೆ ಅದರದ್ದೇ ಹೊಗೆಪೈಪು, ನಾನು ಕತ್ತರಿಸಿ ಎಸೆದ ಆ ಸಪೂರ ಪೈಪು. ಚಿಕ್ಕದು ಓಡುತ್ತ ದೊಡ್ಡದರ ನೀರನ್ನೂ ಬಿಸಿ ಮಾಡುತ್ತಿತ್ತು. ಆಮೇಲೆ ಕ್ಲಚ್ ಹಾಕಿದರೆ ಡೀಸೆಲ್ ಎಚ್ಚರ.

ಇಷ್ಟಾದರೂ ನಾನು ಸೋಲೊಪ್ಪಲಿಲ್ಲ. “ಹಳದಿ ಬಣ್ಣ ನನಗೆ ನೆನಪಿದೆ ಕಾಕಾ” ಅಂದೆ.

“ಹಳದಿ ಎಲ್ಲೀದು? ಮಿಲಿಟರಿ ಹಸಿರು. ಪಾಪಡಿ ಎದ್ದಿತ್ತು. ನಿನ್ನ ಚಡ್ಡಿಗೆ ಹತ್ತತಿತ್ತಂತ ನಿಮ್ಮವ್ವ ಬೈತಿದ್ಲು.”

ಅಮ್ಮ ಬೈಯುತ್ತಿದ್ದದ್ದು ನಿಜ. ಅದು ಗ್ರೀಸಿಗೆ ಅಂದುಕೊಂಡಿದ್ದೆ. ಐವತ್ತು ವರ್ಷ ರಸ್ತೆಯಲ್ಲಿ ನೋಡಿದ ಜೆಸಿಬಿಗಳೆಲ್ಲ ಸೇರಿ ನನ್ನ ಬಾಲ್ಯಕ್ಕೆ ಹಳದಿ ಬಳಿದಿದ್ದವು.

ಹಸಿರು ಎಂದರೆ ಯುದ್ಧದ ಮಾಲು. ಎರಡನೇ ಮಹಾಯುದ್ಧ ಮುಗಿದಾಗ ಅಮೆರಿಕದ ಸೇನೆಯ ಇಂಥ ಯಂತ್ರಗಳು ಇಲ್ಲಿ ಅಗ್ಗದ ಬೆಲೆಗೆ ಸಿಗುತ್ತಿದ್ದವು. ಈ ಕಥೆ ಹುಡುಕಲು ನಾನು ಕೋಲಾರದವರೆಗೆ ಹೋಗಬೇಕಿರಲಿಲ್ಲ, ಮನೆಯ ಹತ್ತಿರದ ಸಾಕಿ ವಿಹಾರ್ ರಸ್ತೆಯಲ್ಲೇ ಇತ್ತು. ಲಾರ್ಸೆನ್ ಮತ್ತು ಟೂಬ್ರೊ ಎಂಬ ಇಬ್ಬರು ಡೇನಿಷ್ ಎಂಜಿನಿಯರುಗಳು 1938ರಲ್ಲಿ ಮುಂಬಯಿಯಲ್ಲಿ ಪಾಲುದಾರಿಕೆ ಶುರುಮಾಡಿದವರು. 1945ರಲ್ಲಿ ಕ್ಯಾಟರ್‌ಪಿಲ್ಲರ್ ಜೊತೆ ಅವರ ಒಪ್ಪಂದವಾಯಿತು. ಯುದ್ಧದ ಮಿಕ್ಕ ಯಂತ್ರಗಳನ್ನು ಕೊಳ್ಳಲು ಕೈಯಲ್ಲಿದ್ದ ಹಣ ಸಾಲದೆ ಬಂಡವಾಳ ಕೂಡಿಸಬೇಕಾಗಿ ಬಂದು, 1946ರ ಫೆಬ್ರವರಿ 7ರಂದು ಆ ಪಾಲುದಾರಿಕೆ ಲಿಮಿಟೆಡ್ ಕಂಪನಿಯಾಯಿತು. 1948ರಲ್ಲಿ ಪೊವಾಯಿಯ 55 ಎಕರೆ ಜೌಗು, ಕಾಡು ಕೊಂಡರು. ದಿನಾ ಬಸ್ಸಿನಲ್ಲಿ ಆ ಕಾಂಪೌಂಡ್ ದಾಟಿ ಬ್ಯಾಂಕಿಗೆ ಹೋಗಿ ಬಂದವನು ನಾನು.

ನಮ್ಮ ಡೋಜರು ಕ್ವಾರಿಯ ಸೇಠ್‌ನ ಕೈಗೆ ಎಷ್ಟನೆಯ ಮಾಲೀಕನಿಂದ ಬಂತೋ. ಡಿ6ಓ ಡಿ7ಓ ಎಂದು ಕೇಳಿದೆ. “ಡಿ ಸೆವೆನ್ ಅಂತಿದ್ವಿ” ಎಂದ ಕಾಕಾ ತಕ್ಷಣ, “ಆದ್ರ ನಂಬರ್ ಪ್ಲೇಟ್ ನಾ ನೋಡಿಲ್ಲ. ಅಂದದ್ದನ್ನ ಬರಿಬ್ಯಾಡ” ಎಂದು ಸೇರಿಸಿದರು. ಇಷ್ಟು ಎಚ್ಚರ ನನ್ನ ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ.

ಮರುದಿನ ಮೂಲ ಫೋಟೋ ಒಯ್ದೆ. ಹಗ್ಗದ ಮೇಲೆ ಅವರು ಉಗುರು ಎಳೆದು ತೋರಿಸಿದರು: ವಿಂಚು, ರಾಟೆ, ಬ್ಲೇಡು. ಸಣ್ಣ ಇಂಜಿನ್ನಿಗೆ ಹ್ಯಾಂಡಲ್ ಹೊಡೆಯುವುದು ಹೇಗೆ ಎಂದು ಕೇಳಿದೆ. ಕಾಕಾ ಮೊಮ್ಮಗಳಿಂದ ಲಟ್ಟಣಿಗೆ ತರಿಸಿ ನನ್ನ ಕೈಗೆ ಕೊಟ್ಟು “ಹಿಡಿ” ಅಂದರು. ಬಿಗಿಯಾಗಿ ಹಿಡಿದೆ, ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಸುತ್ತಿಕೊಂಡು ಇನ್ನೊಂದು ಕಡೆ. ಕಾಕಾ ಲಟ್ಟಣಿಗೆಯನ್ನು ಥಟ್ಟನೆ ಹಿಂದಕ್ಕೆ ತಿರುವಿದರು. ನೋವಿಗೆ ಕೈ ಬಿಟ್ಟೆ.

“ಇಂಜಿನ್ ಉಲ್ಟಾ ಹೊಡೀತು. ಹೆಬ್ಬೆರಳು ಹೋತು” ಅಂದರು. “ಅದನ್ನ ಬೆರಳಿನ ಜೋಡಿನ ಇಡಬೇಕು. ಮತ್ತ ಹಿಡಿ.”