ಆಬಿಂಗ್ಡನ್ನಿನ ಸಂತೆಯ ಶಿಲುಬೆ

ಆಕ್ಸ್‌ಫರ್ಡಿನಿಂದ ದಕ್ಷಿಣಕ್ಕೆ ಆರೇಳು ಮೈಲಿ ಹೋದರೆ ಥೇಮ್ಸ್ ನದಿಯ ದಡದಲ್ಲಿ ಆಬಿಂಗ್ಡನ್ ಎಂಬ ಪುರಾತನ ಪಟ್ಟಣವಿದೆ. ಅದರ ಸಂತೆಯ ಚೌಕಕ್ಕೆ ಬಂದ ಪ್ರವಾಸಿಯ ಕಣ್ಣನ್ನು ಮೊದಲು ಸೆಳೆಯುವುದು 1678ರಿಂದ 1682ರವರೆಗೆ ಕಟ್ಟಿದ ಭವ್ಯವಾದ ಕೌಂಟಿ ಹಾಲ್. ಅದಕ್ಕೂ ಮೊದಲು ಈ ಊರಿಗೆ ಕೀರ್ತಿ ತಂದಿದ್ದ ಶಿಲುಬೆಯೊಂದು ಇಂದು ಕಾಣಸಿಗದು.

ಹದಿನೈದನೆಯ ಶತಮಾನದಲ್ಲಿ ಇಲ್ಲಿನ ‘ಪವಿತ್ರ ಶಿಲುಬೆಯ ಸಂಘ’ದವರು ಅದನ್ನು ಕಟ್ಟಿಸಿದರು. 1416ರಲ್ಲಿ ನದಿಗೆ ಸೇತುವೆ ಹಾಕಿಸಿದ ಪುಣ್ಯವಂತರೂ ಅವರೇ. ಹೆಸರಿಗೆ ಶಿಲುಬೆಯಾದರೂ ಅದು ಅಂತಸ್ತಿನ ಮೇಲೆ ಅಂತಸ್ತಾಗಿ ಏರಿದ, ಗೂಡುಗಳಲ್ಲಿ ವಿಗ್ರಹಗಳನ್ನು ಹೊತ್ತ ಕಲ್ಲಿನ ಗೋಪುರ. ತೂಗುವ ಕೈಗೂ ಅಳೆಯುವ ಕೈಗೂ ದೇವರು ಸಾಕ್ಷಿಯೆಂಬುದು ಇಂತಹ ಸಂತೆಯ ಶಿಲುಬೆಗಳ ಇಂಗಿತ. ಅದರ ಚೆಲುವಿಗೆ ಮನಸೋತ ಕವೆಂಟ್ರಿ ನಗರದವರು 1541ರಲ್ಲಿ ಅದೇ ಮಾದರಿಯ ಶಿಲುಬೆಯನ್ನು ತಮ್ಮಲ್ಲಿಯೂ ಕಟ್ಟಿಸತೊಡಗಿದರು.

ಶತಮಾನವೊಂದು ಉರುಳಿತು. ಅರಸನಿಗೂ ಪಾರ್ಲಿಮೆಂಟಿಗೂ ಯುದ್ಧ ಹೊತ್ತಿಕೊಂಡಿತು. 1644ರಲ್ಲಿ ಪಾರ್ಲಿಮೆಂಟಿನ ಸೇನಾನಿ ವಾಲರನ ಪಡೆ ಆಬಿಂಗ್ಡನ್ನನ್ನು ಹೊಕ್ಕಿತು. ಊರವರ ಪಾಲಿಗೆ ಸಾಕ್ಷಿಯಾಗಿದ್ದ ಕಲ್ಲು ಆ ಪ್ಯೂರಿಟನ್ನರ ಕಣ್ಣಿಗೆ ವಿಗ್ರಹಾರಾಧನೆಯ ಗುರುತಾಗಿ ಕಂಡಿತು. ಅದನ್ನು ಉರುಳಿಸಿಬಿಟ್ಟರು. ಕವೆಂಟ್ರಿಯ ಪ್ರತಿರೂಪವಾದರೋ ಯಾವ ಶತ್ರುವೂ ಮುಟ್ಟದೆ ಜೀರ್ಣವಾಯಿತು. 1771ರಲ್ಲಿ ಅದರ ಅವಶೇಷವನ್ನೂ ತೆಗೆದುಹಾಕಿದರು.

ತಾಯಿ ದ್ವೇಷಕ್ಕೆ ಬಲಿಯಾಯಿತು, ಮಗಳು ಅಲಕ್ಷ್ಯಕ್ಕೆ. ದ್ವೇಷ ಬರುವಾಗ ಸೈನ್ಯದ ಸದ್ದು ಕೇಳಿಸುತ್ತದೆ, ಇತಿಹಾಸ ದಿನಾಂಕ ಬರೆದಿಡುತ್ತದೆ. ಅಲಕ್ಷ್ಯವೋ ಸದ್ದಿಲ್ಲದೆ, ಸಂತೆಗೆ ಬಂದು ಹೋಗುವ ನಮ್ಮಂಥವರ ನಡುವೆಯೇ ತನ್ನ ಕೆಲಸ ಮುಗಿಸುತ್ತದೆ.