ಮಾರ್ಚ್ ಕ್ಲೋಸಿಂಗ್

ಮಾರ್ಚ್ 5, 2024, ಮಂಗಳವಾರ

ಶಿರಾಳಕೊಪ್ಪ, ಸೊರಬ ಮುಗಿಸಿ ಚಂದ್ರಗುತ್ತಿಗೆ ಹೋಗಿಬಂದೆ. ಟೂರ್ ಪ್ರೋಗ್ರಾಂ ಕಳಿಸಿದಾಗಲೇ ಮ್ಯಾನೇಜರ್ ತಕರಾರು ತೆಗೆದಿದ್ದರು: “ಒಬ್ಬ ಡಾಕ್ಟರಿಗೋಸ್ಕರ ಅಷ್ಟು ದೂರ ಯಾಕೆ? ಆ ಹೊತ್ತಿಗೆ ಸೊರಬದಲ್ಲೇ ಎರಡು ಕಾಲ್ ಆಗುತ್ತೆ.” ಅವರ ಲೆಕ್ಕದಲ್ಲಿ ಅದು ಸರಿ. ಆದರೆ ಗುಡ್ಡದ ಸುತ್ತಿನ ಹಳ್ಳಿಯವರು ಜ್ವರ ಬಂದರೆ ಮೊದಲು ಓಡುವುದು ಆ ಡಾಕ್ಟರ ಬಳಿಗೇ. ರೇಣುಕಾಂಬೆಯ ದರ್ಶನಕ್ಕೆ ಬಂದು ಮೆಟ್ಟಿಲಲ್ಲಿ ಸುಸ್ತಾದವರೂ ಅಲ್ಲಿಗೇ ಬರುತ್ತಾರೆ.

ಕೊನೆಯ ಪೇಷಂಟ್ ಹೋದಮೇಲೆ ಒಳಗೆ ಕರೆದರು. ಈ ತಿಂಗಳು ಜ್ವರ, ಮೈಕೈ ನೋವಿಗೆ ನಮ್ಮ ನೋವಿನ ಮಾತ್ರೆಯನ್ನೇ ಮುಂದಿಡಬೇಕೆಂದು ಕಂಪನಿ ಹೇಳಿದೆ. ಟ್ಯಾಬ್‌ನಲ್ಲಿ ಆ ಮಾತ್ರೆಯ ಪುಟ ಎಷ್ಟು ಸೆಕೆಂಡ್ ತೆರೆದಿತ್ತು ಎಂಬುದೂ ದಾಖಲಾಗುತ್ತದೆ. ಡಾಕ್ಟರು ಅದನ್ನು ತೆರೆಯಲೂ ಬಿಡಲಿಲ್ಲ.

“ಇದು ಈಗ ಬೇಡ ಮಾರಾಯ. ಸಿದ್ದಾಪುರದ ಕಡೆ ಮಂಗನ ಕಾಯಿಲೆ ಜೋರಾಗಿದೆ. ಕಾಡಿಗೆ ಹೋಗಿಬಂದವರು ಜ್ವರ ಅಂತ ಬಂದರೆ ನಾನು ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಬರೆಯಲ್ಲ. ರಕ್ತಸ್ರಾವ ಆಗೋ ಕಾಯಿಲೆಗೆ ಡೈಕ್ಲೋಫೆನಾಕ್ ಕೊಟ್ಟು ಏನಾದರೂ ಆದರೆ ಹೊಣೆ ಯಾರು?”

ಸೊರಬಕ್ಕೆ ಮರಳುವಾಗ ದಾರಿಯುದ್ದಕ್ಕೂ ಇದೇ ಯೋಚನೆ. 1957ರಲ್ಲಿ ಇದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಗೊತ್ತಾದ ಕಾಯಿಲೆ ಇದು. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ನಮ್ಮೂರ ಕಾಡಿನ ಹೆಸರೇ ಅದಕ್ಕಿದೆ. ಇಷ್ಟು ವರ್ಷವಾದರೂ ಇದಕ್ಕೇ ಎಂಬ ಒಂದು ಔಷಧ ಬಂದಿಲ್ಲ. ಇದ್ದ ಲಸಿಕೆಗೂ ಶಕ್ತಿ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಉಣುಗು ಕಚ್ಚದಂತೆ ಹಚ್ಚಿಕೊಳ್ಳಲು ಡೀಪಾ ಎಣ್ಣೆ ಹಂಚುತ್ತಾರೆ, ಅಷ್ಟೆ. ನನ್ನ ಚೀಲದಲ್ಲಿ ಗ್ಯಾಸ್ಟ್ರಿಕ್‌ಗೆ, ಶುಗರ್‌ಗೆ, ಬಿಪಿಗೆ, ಕೂದಲು ಉದುರುವುದಕ್ಕೂ ಮಾತ್ರೆಗಳಿವೆ. ಸೌದೆಗೆ, ದರಕಿಗೆ ಕಾಡಿಗೆ ಹೋಗುವವರಿಗೆ ಬರುವ ಈ ಕಾಯಿಲೆಗೆ ಮಾತ್ರ ಏನೂ ಇಲ್ಲ. ಅವರನ್ನು ಯಾವ ಕಂಪನಿಯೂ ಮಾರ್ಕೆಟ್ ಎಂದು ಎಣಿಸಲಿಲ್ಲ.

ಮಾರ್ಚ್ 9, ಶನಿವಾರ

ಹೊಸ ಹುಡುಗ ಇವತ್ತು ಶಿಕಾರಿಪುರದಲ್ಲಿ ಸಿಕ್ಕ. ಬೇರೆ ಕಂಪನಿಯವನು, ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗಲೇ ಅವನ ಮೊಬೈಲ್ ಬಡಿದುಕೊಂಡಿತು. “ಅರ್ಧ ಗಂಟೆಯಿಂದ ಒಂದೇ ಕಡೆ ಇದ್ದೀಯ, ಯಾಕೆ?” ಎಂದು ಮೇಲಿನವರ ಪ್ರಶ್ನೆ. ಡಾಕ್ಟರು ಆಪರೇಷನ್‌ನಲ್ಲಿದ್ದಾರೆ, ಕಾಯುತ್ತಿದ್ದೇನೆ ಎಂದು ಬರೆದು, ಸಾಕ್ಷಿಗೆ ಬಾಗಿಲಿನ ಫೋಟೋ ಕಳಿಸಿದ. ಪಾಪ, ಚಹಾ ಆರಿಹೋಗಿತ್ತು.

ನಾನು ಸೇರಿದಾಗ ದಿನದ ವರದಿಯನ್ನು ಕಾರ್ಬನ್ ಪೇಪರ್ ಇಟ್ಟು ಬರೆದು ಅಂಚೆಗೆ ಹಾಕುತ್ತಿದ್ದೆವು. ಟ್ರೈನಿಂಗ್‌ನಲ್ಲಿ ಮೊದಲು ಕಲಿಸಿದ್ದು ಶರೀರಶಾಸ್ತ್ರ. ಔಷಧ ಹೊಟ್ಟೆಯಲ್ಲಿ ಏನಾಗುತ್ತದೆ, ಯಾರಿಗೆ ಕೊಡಬಾರದು, ಇದನ್ನೆಲ್ಲ ಬಾಯಿಪಾಠ ಮಾಡಿಸಿದ್ದರು. ಹಳ್ಳಿಯ ಡಾಕ್ಟರು ಹೊಸ ಆ್ಯಂಟಿಬಯಾಟಿಕ್ ಬಗ್ಗೆ ಮೊದಲ ಬಾರಿ ಕೇಳುತ್ತಿದ್ದುದು ಎಷ್ಟೋ ಸಲ ನಮ್ಮ ಬಾಯಿಂದಲೇ. ಆಗಲೂ ಟಾರ್ಗೆಟ್ ಇತ್ತು, ಬೈಗುಳವೂ ಇತ್ತು; ಹಳೆಯದೆಲ್ಲ ಚಿನ್ನ ಎನ್ನಲಾರೆ. ಆದರೆ ‘ಇದನ್ನು ಯಾರಿಗೆ ಕೊಡಬಾರದು ಸರ್’ ಎಂದು ಟ್ರೈನರ್‌ನನ್ನು ಕೇಳುವ ಅವಕಾಶ ನಮಗಿತ್ತು. ಈ ಹುಡುಗನಿಗೆ ಆನ್‌ಲೈನ್‌ನಲ್ಲಿ ಒಂದೆರಡು ದಿನ ಏನೋ ತೋರಿಸಿ ಫೀಲ್ಡಿಗೆ ಇಳಿಸಿದ್ದಾರೆ.

1976ರ ಸೇಲ್ಸ್ ಪ್ರಮೋಷನ್ ಎಂಪ್ಲಾಯೀಸ್ ಕಾಯ್ದೆಯ ಬಗ್ಗೆ ಹೇಳಿದೆ. ನೇಮಕಾತಿ ಪತ್ರ ಕೊಡಲೇಬೇಕು, ದುಡಿದ 11 ದಿನಕ್ಕೆ ಒಂದು ದಿನ ಗಳಿಕೆ ರಜೆ ಸಿಗಬೇಕು ಎಂದಾಗ ಕಣ್ಣರಳಿಸಿ ಕೇಳಿದ. ಆ ಕಾಯ್ದೆಯನ್ನೂ 2020ರ ಕಾರ್ಮಿಕ ಸಂಹಿತೆಯೊಳಗೆ ಕರಗಿಸಲು ಹೊರಟಿದ್ದಾರೆ. ಮೊನ್ನೆ ಡಿಸೆಂಬರ್ 20ರಂದು ದೇಶದುದ್ದಕ್ಕೂ ನಮ್ಮಂಥ ಮೆಡಿಕಲ್ ರೆಪ್‌ಗಳು ಮುಷ್ಕರ ಮಾಡಿದ್ದು ಇದಕ್ಕೇ, ಈ ಮೊಬೈಲ್ ಕಾವಲಿನ ವಿರುದ್ಧವೂ ಹೌದು. ಅವತ್ತು ಅವನು ಕೆಲಸಕ್ಕೆ ಹೋಗಿದ್ದನಂತೆ. ಪ್ರೊಬೇಷನ್‌ನಲ್ಲಿರುವವನನ್ನು ಏನೆನ್ನಲಿ?

ಮಾರ್ಚ್ 13, ಬುಧವಾರ

ನಿನ್ನೆ ಕೇಂದ್ರದ ಫಾರ್ಮಾಸ್ಯುಟಿಕಲ್ಸ್ ಇಲಾಖೆ ಮಾರಾಟದ ಹೊಸ ನೀತಿಸಂಹಿತೆ ಹೊರಡಿಸಿದೆ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬೆಳಗಿನಿಂದ ಅದೇ ಮಾತು. ರಾತ್ರಿ ಕೂತು ಓದಿದೆ.

ಡಾಕ್ಟರಿಗಾಗಲಿ ಅವರ ಮನೆಯವರಿಗಾಗಲಿ ಉಡುಗೊರೆ ಕೊಡುವಂತಿಲ್ಲ. ಪ್ರವಾಸ, ಹೋಟೆಲ್ ಖರ್ಚು ಇಲ್ಲ. ಒಂದು ಔಷಧದ ಸ್ಯಾಂಪಲ್ ಒಬ್ಬರಿಗೆ ವರ್ಷಕ್ಕೆ 12 ಪ್ಯಾಕ್ ಮೀರಬಾರದು, ಒಟ್ಟು ಸ್ಯಾಂಪಲ್ಲಿನ ಬೆಲೆ ಕಂಪನಿಯ ದೇಶದೊಳಗಿನ ಮಾರಾಟದ ಶೇ. 2 ದಾಟಬಾರದು. ಡಾಕ್ಟರ ಭೇಟಿಗೆ ಅವಕಾಶ ಪಡೆಯಲು ರೆಪ್ ಯಾವ ರೂಪದಲ್ಲೂ ಹಣ ಕೊಡಬಾರದು. ಎಲ್ಲವೂ ಬೇಕಾದದ್ದೇ, ಬಹಳ ಹಿಂದೆಯೇ ಬರಬೇಕಾಗಿದ್ದದ್ದು. ಡಾಕ್ಟರು ಉಡುಗೊರೆ ತೆಗೆದುಕೊಳ್ಳಬಾರದೆಂದು ವೈದ್ಯಕೀಯ ಮಂಡಳಿ 2009ರಲ್ಲೇ ಹೇಳಿತ್ತು. ಇಂಥ ಖರ್ಚಿಗೆ ತೆರಿಗೆ ವಿನಾಯಿತಿ ಇಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಆದರೂ ಇದು ಕಾಯ್ದೆಯಲ್ಲ, ಸಂಹಿತೆ. ದೂರು ಕೊಟ್ಟರೆ ವಿಚಾರಿಸುವುದು ಕಂಪನಿಗಳ ಸಂಘಗಳಲ್ಲೇ ಇರುವ ಸಮಿತಿ.

ನಾನು ಹುಡುಕಿದ್ದು ಇನ್ನೊಂದನ್ನು. ವಿಶ್ವ ಆರೋಗ್ಯ ಸಂಸ್ಥೆ 1988ರಲ್ಲಿ ಪ್ರಕಟಿಸಿದ ನೈತಿಕ ಮಾನದಂಡಗಳಲ್ಲಿ, ರೆಪ್‌ನ ಸಂಪಾದನೆಯ ಮುಖ್ಯ ಭಾಗ ಅವನ ಮಾರಾಟದ ಪ್ರಮಾಣಕ್ಕೆ ನೇರವಾಗಿ ಅಂಟಿಕೊಂಡಿರಬಾರದು ಎಂದಿದೆ. ಹೊಸ ಸಂಹಿತೆಯಲ್ಲಿ ಟಾರ್ಗೆಟ್ ಬಗ್ಗೆ ಒಂದು ಸಾಲೂ ನನ್ನ ಕಣ್ಣಿಗೆ ಬೀಳಲಿಲ್ಲ. ಉಡುಗೊರೆ ಕೊಡುವ ಕೈಯನ್ನು ಕಟ್ಟಿದ್ದಾರೆ, ಸರಿ. ಆ ಕೈಯನ್ನು ಹಿಂದಿನಿಂದ ನೂಕುವವರನ್ನು ಮುಟ್ಟಿಲ್ಲ. ತಿಂಗಳ ಕೊನೆಗೆ ಅಂಕಿ ತುಂಬದಿದ್ದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇರುವ ತನಕ ಹುಡುಗರು ಇನ್ನೊಂದು ದಾರಿ ಹುಡುಕುತ್ತಾರೆ. ಅದರ ಭಾರ ಕಡೆಗೆ ಬೀಳುವುದು ಚೀಟಿ ಹಿಡಿದು ಅಂಗಡಿಗೆ ಬರುವವನ ಮೇಲೆ.

ಮಾರ್ಚ್ 26, ಮಂಗಳವಾರ

ಕ್ಲೋಸಿಂಗ್ ಗದ್ದಲ. ಸ್ಟಾಕಿಸ್ಟ್ ಗೋಡೌನಿನಲ್ಲಿ ಫೆಬ್ರವರಿಯ ಮಾಲೇ ಕರಗಿಲ್ಲ, ಅದರ ಮೇಲೆ ಮಾರ್ಚಿನದು ಬಂದು ಬಿದ್ದಿದೆ. ಕಂಪನಿಯಿಂದ ಸ್ಟಾಕಿಸ್ಟಿಗೆ ಬಿಲ್ ಆದರೆ ಮೇಲಿನವರ ಪುಸ್ತಕದಲ್ಲಿ ಮಾರಾಟವಾದಂತೆಯೇ. ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ರೋಗಿಗೆ ಹೋಗಿದೆಯೇ ಎಂದು ಕೇಳುವುದು ಆಮೇಲೆ.

ಚಂದ್ರಗುತ್ತಿಯ ಮೆಡಿಕಲ್ ಶಾಪಿನಲ್ಲಿ ಆ ಹುಡುಗ ಹತ್ತಕ್ಕೆ ಮೂರು ಫ್ರೀ ಅಂತ ನೋವಿನ ಮಾತ್ರೆಯ ಸ್ಕೀಮ್ ಇಟ್ಟುಕೊಂಡು ನಿಂತಿದ್ದ. ಅಂಗಡಿಯವರು ಕೆಳಗಿನ ಅರೆಯಿಂದ ಒಂದು ರಟ್ಟಿನ ಡಬ್ಬಿ ಎಳೆದು ತೋರಿಸಿದರು. ತುಂಬಾ ಎಕ್ಸ್‌ಪೈರಿ ಮಾಲು. “ಹೋದ ವರ್ಷ ನಿನ್ನ ಜಾಗದಲ್ಲಿದ್ದವನು ಕೈಮುಗಿದು ಹಾಕಿಹೋದದ್ದು ತಮ್ಮಾ. ಅವನು ಕೆಲಸ ಬಿಟ್ಟ, ವಾಪಸ್ ತಗೊಳೋರಿಲ್ಲ. ಫ್ರೀ ಕೊಟ್ಟದ್ದನ್ನ ನಾನು ಯಾರಿಗೆ ತಿನ್ನಿಸಲಿ? ಜ್ವರ ಅಂತ ಬಂದೋರಿಗಾ?” ಹುಡುಗ ಆರ್ಡರ್ ಪುಸ್ತಕ ಮುಚ್ಚಿದ. ಹೊರಗೆ ಬಂದಮೇಲೆ ಡಾಕ್ಟರು ಹೇಳಿದ್ದನ್ನು ವಿವರಿಸಿದೆ. “ನಮಗೆ ಇದನ್ನ ಯಾರೂ ಹೇಳಿಕೊಟ್ಟಿಲ್ಲ ಅಣ್ಣ” ಎಂದ. ಅವನ ಟ್ಯಾಬಿನ ಅಷ್ಟು ಬಣ್ಣದ ಪುಟಗಳಲ್ಲಿ ಮಂಗನ ಕಾಯಿಲೆಯ ಹೆಸರೇ ಇಲ್ಲ.

ಮಾರ್ಚ್ 30, ಶನಿವಾರ

ಏಪ್ರಿಲ್ ಟೂರ್ ಪ್ರೋಗ್ರಾಂ ಕಳಿಸಿದೆ. ಚಂದ್ರಗುತ್ತಿ ಇಟ್ಟಿದ್ದೇನೆ. ಷರಾ ಕಾಲಂನಲ್ಲಿ ಬರೆದದ್ದು: ‘ಸೊರಬ, ಸಿದ್ದಾಪುರ, ಸಾಗರದ ಕಡೆ ಮಳೆ ಹಿಡಿಯುವವರೆಗೆ ಜ್ವರಕ್ಕೆ ನೋವಿನ ಮಾತ್ರೆ ಪ್ರಮೋಟ್ ಮಾಡುವುದಿಲ್ಲ. ಆ ಅಂಕಿಯನ್ನು ಈ ಏರಿಯಾದ ಟಾರ್ಗೆಟ್‌ನಿಂದ ಇಳಿಸಬೇಕು.’ ಮ್ಯಾನೇಜರ್ ಫೋನ್ ಮಾಡಿ, ನಿಮ್ಮ ಮಾತು ಸರಿಯೇ, ಆದರೆ ಮೇಲಿನವರು ಒಪ್ಪುವುದಿಲ್ಲ, ಆ ಸಾಲು ತೆಗೆಯಿರಿ ಎಂದರು. ತೆಗೆಯಲಿಲ್ಲ.

ನಾಳೆ ಭಾನುವಾರ ಶಿವಮೊಗ್ಗದಲ್ಲಿ ಯೂನಿಯನ್ ಸಭೆ. ಇದೇ ಒತ್ತಾಯವನ್ನು ಎಲ್ಲ ಕಂಪನಿಗಳಿಗೂ ಒಟ್ಟಿಗೆ ಕಳಿಸಬೇಕೆಂದು ಕೇಳುತ್ತೇನೆ. ಡಾಕ್ಟರು ಒಂದು ಪತ್ರ ಬರೆದುಕೊಡಲು ಒಪ್ಪಿದ್ದಾರೆ. ಹುಡುಗನೂ ಬರುತ್ತೇನೆ ಅಂದಿದ್ದಾನೆ.