ಚಳಿಯಲ್ಲಿ ಓಡುವವರಿಗೆ ಯಾವ ಟೋಪಿ?

ಮಾಗಿ ಚಳಿ ಶುರುವಾಗಿದೆ. ಜನವರಿ 26ರ ಆಟೋಟಗಳಿಗಾಗಿ ನಾವು ಕೆಲವರು ಬೆಳಿಗ್ಗೆ ಆರೂವರೆಗೇ ಎದ್ದು, ಊರ ರಸ್ತೆಯಲ್ಲಿ ಓಡುತ್ತಾ ಶಾಲೆಯ ಮೈದಾನಕ್ಕೆ ಬರುತ್ತೇವೆ. ನನ್ನದು 600 ಮೀಟರ್ ಓಟ. ಆದರೆ ನಮ್ಮ ಅಜ್ಜಿಯದು ಒಂದೇ ಮಾತು: "ಕಿವಿ ಮುಚ್ಕೊಂಡ್ರೆ ಹೋಗು, ಇಲ್ದಿದ್ರೆ ಒಲೆ ಮುಂದೆ ಕೂತ್ಕೋ." ಹೋದ ವರ್ಷ ಕಿವಿನೋವಿನಿಂದ ನಾನು ಎರಡು ರಾತ್ರಿ ಅತ್ತಿದ್ದು ಅಜ್ಜಿಗೆ ಮರೆತಿಲ್ಲ. ಆದ್ದರಿಂದ ತಲೆಗೆ ಏನು ಹಾಕಬೇಕೆಂಬುದು ನನಗೆ ಚಿಕ್ಕ ವಿಷಯವಲ್ಲ. ಅದು ಸರಿಹೋಗದಿದ್ದರೆ ಓಟವೇ ನಿಂತುಹೋಗುತ್ತದೆ.

ಮನೆಯಲ್ಲಿದ್ದದ್ದನ್ನೆಲ್ಲ ಒಂದೊಂದು ದಿನ ಹಾಕಿಕೊಂಡು ಓಡಿ ನೋಡಿದೆ.

ಮೊದಲು ತಾತನ ಮಂಕಿ ಕ್ಯಾಪ್. ಬೆಚ್ಚಗೇನೋ ಇತ್ತು. ಆದರೆ ಶಾಲೆ ಬರುವಷ್ಟರಲ್ಲಿ ತಲೆಯೆಲ್ಲ ಬೆವರು, ಬಾಯಿಯ ಹತ್ತಿರ ಒದ್ದೆ. ನನ್ನ ಎರಡು ಜಡೆ ಒಳಗೆ ಹಿಡಿಸಲೇ ಇಲ್ಲ. ಮಂಜು ಮುಸುಕಿದಾಗ ಹಿಂದಿನಿಂದ ಹಾಲಿನ ವ್ಯಾನ್ ಬಂದರೆ ಅದರ ಸದ್ದೂ ಸರಿಯಾಗಿ ಕೇಳಿಸದು. ಡೈರಿಗೆ ಹಾಲು ಹಾಕೋಕೆ ನಿಧಾನವಾಗಿ ನಡೆದು ಹೋಗುವ ತಾತನಿಗೇ ಅದು ಸರಿ.

ಆಮೇಲೆ ಹತ್ತಿಯ ಟವೆಲ್ ಸುತ್ತಿಕೊಂಡೆ. ಹತ್ತಿ ಬೆವರನ್ನು ಹೀರಿಕೊಳ್ಳುತ್ತದೆ, ಬೇಗ ಒಣಗುವುದಿಲ್ಲ. ಓಟ ನಿಲ್ಲಿಸಿದ ಕೂಡಲೇ ಗಾಳಿ ಬೀಸಿ ತಲೆ ತಣ್ಣಗಾಯಿತು. ಮಣ್ಣಿನ ಮಡಕೆಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ನೀರು ಆವಿಯಾಗುವಾಗ ಶಾಖವನ್ನು ಎಳೆದುಕೊಳ್ಳುತ್ತದೆ.

ಮೈಯ ಶಾಖದಲ್ಲಿ ಅರ್ಧ ತಲೆಯಿಂದಲೇ ಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಅದು ನಿಜವಲ್ಲ. ತಲೆ ನಮ್ಮ ಮೈಯಲ್ಲಿ ಸುಮಾರು ಹತ್ತರಲ್ಲಿ ಒಂದು ಭಾಗ, ಶಾಖ ಹೋಗುವುದೂ ಹೆಚ್ಚುಕಡಿಮೆ ಅಷ್ಟೇ. ಓಡುವಾಗ ಮೈ ತಾನಾಗಿಯೇ ಬಿಸಿಯಾಗುತ್ತದೆ. ನಮ್ಮದು ಹಿಮ ಬೀಳುವ ಚಳಿಯೂ ಅಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಆದ್ದರಿಂದ ಓಡುವಾಗ ನೆತ್ತಿ ಮುಚ್ಚಲೇಬೇಕೆಂದಿಲ್ಲ. ಆದರೆ ಕಿವಿ ತೆಳ್ಳಗಿರುತ್ತದೆ, ಗಾಳಿ ಬಡಿದು ಬೇಗ ತಣ್ಣಗಾಗುತ್ತದೆ. ಅಜ್ಜಿಯ ಮಾತು ಅಲ್ಲಿಗೆ ಸರಿ.

ಕೊನೆಗೆ ಅಮ್ಮ ಒಂದು ಉಪಾಯ ಮಾಡಿದರು. ಅಪ್ಪನ ಹರಿದ ಉಣ್ಣೆ ಸ್ವೆಟರಿನ ತೋಳಿನ ಬುಡವನ್ನು ನಾಲ್ಕು ಬೆರಳು ಅಗಲಕ್ಕೆ ಕತ್ತರಿಸಿ, ಅಂಚು ಬಿಚ್ಚಿಕೊಳ್ಳದಂತೆ ಹೊಲಿದು ಪಟ್ಟಿ ಮಾಡಿಕೊಟ್ಟರು. ಅದು ಹಣೆ, ಕಿವಿ ಎರಡನ್ನೂ ಮುಚ್ಚುತ್ತದೆ. ಜಡೆ ಹೊರಗಿರುತ್ತವೆ, ನೆತ್ತಿಯ ಬೆವರು ಆರುತ್ತದೆ, ವ್ಯಾನಿನ ಸದ್ದೂ ಕೇಳಿಸುತ್ತದೆ. ಉಣ್ಣೆ ಸ್ವಲ್ಪ ಒದ್ದೆಯಾದರೂ ಬೆಚ್ಚಗಿರುತ್ತದೆ. ಓಟ ಮುಗಿದ ಮೇಲೆ ಬೆವರು ಒರೆಸಿಕೊಂಡು ಒಣಗಿದ ಟೋಪಿ ಹಾಕಿಕೊಂಡರೆ ಆಯಿತು.

ಸ್ನೇಹಿತರೇ, ಇದಕ್ಕೆ ದುಡ್ಡು ಕೊಟ್ಟು ಅಂಗಡಿಯಿಂದ ತರಬೇಕಾಗಿಲ್ಲ. ಮನೆಯಲ್ಲಿ ಹಳೇ ಸ್ವೆಟರ್ ಇದ್ದರೆ ಎಸೆಯಬೇಡಿ. ಎರಡು ತೋಳಿಗೆ ಎರಡು ಪಟ್ಟಿ ಆಗುತ್ತವೆ. ಇನ್ನೊಂದನ್ನು ನನ್ನ ಜೊತೆ ಓಡುವ ಗೆಳತಿಗೆ ಕೊಟ್ಟಿದ್ದೇನೆ. 600 ಮೀಟರಿನಲ್ಲಿ ನನಗೆ ಅವಳೇ ಎದುರಾಳಿ!

– ವಿದ್ಯಾರ್ಥಿನಿ, 7ನೇ ತರಗತಿ